ನಡುಮೇಜಿನ ಒಂದೇ ಮೈಕ್ ಸಾಲದು

ಚಿಕ್ಕಮಗಳೂರಲ್ಲಿ ಮನೆಯಲ್ಲೇ ಹರಟೆ ಪಾಡ್‌ಕಾಸ್ಟ್ ಮಾಡೋರಿಗೆ ‘ಅತಿಥಿ ಹೆಸರುವಾಸಿಯಾಗಿದ್ದರೆ ಸಾಕು, ಮೇಜಿನ ನಡುವೆ ಒಂದು ಮೈಕ್ ಇಟ್ಟರೂ ನಡೆಯುತ್ತೆ’ ಅಂತ ಬರೆದಿದ್ದೀರಲ್ಲ, ಅದನ್ನ ಒಪ್ಪೋಕಾಗಲ್ಲ. ಹಾಸ್ಯದ ಮಾತುಕತೆ ಕೆಡೋದೇ ಅಲ್ಲಿ. ಅತಿಥಿ ಪಂಚ್ ಹೊಡೆಯೋ ಹೊತ್ತಿಗೆ ನಡೆಸಿಕೊಡೋರು ನಕ್ಕುಬಿಡ್ತಾರೆ. ಎರಡೂ ದನಿ ಒಂದೇ ಟ್ರ್ಯಾಕ್‌ನಲ್ಲಿದ್ದರೆ ಆಮೇಲೆ ಬೇರ್ಪಡಿಸೋದು ತಲೆನೋವು. ತಲೆಗೊಂದು ಡೈನಮಿಕ್ ಮೈಕ್ (ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯೋ ಬಗೆ), ಬಾಯಿಂದ ನಾಲ್ಕು ಬೆರಳು ದೂರ, ಒಬ್ಬೊಬ್ಬರಿಗೂ ಬೇರೆ ಟ್ರ್ಯಾಕ್. ಎರಡು ಮೈಕ್‌ಗಳ ನಡುವಿನ ಅಂತರ ಬಾಯಿಗೂ ಮೈಕಿಗೂ ಇರೋದರ ಮೂರು ಪಟ್ಟಾದರೂ ಇರಲಿ. ಮಾಮೂಲಿ ಮಾತು ರೆಕಾರ್ಡರ್ ಮೀಟರ್‌ನಲ್ಲಿ ಮೈನಸ್ 12 ಡೆಸಿಬಲ್ ದಾಟದಂತೆ (ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತೆ) ಗೇನ್, ಅಂದರೆ ಮೈಕ್ ದನಿಯನ್ನ ಹಿಗ್ಗಿಸೋ ಮಟ್ಟ, ಇಡಿ. ಇಲ್ಲದಿದ್ದರೆ ಮೊದಲ ಗಹಗಹಿಕೆಗೇ ದನಿ ಒಡೆಯುತ್ತೆ, ಎಡಿಟಿಂಗ್‌ನಲ್ಲಿ ಅದು ಪೂರ್ತಿ ಸರಿಹೋಗಲ್ಲ. ಜುಲೈನಲ್ಲಿ ಶೀಟಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಅಂತೂ ಬೇಡವೇ ಬೇಡ (ಮಲೆನಾಡಿನ ಮಳೆಗೆ ಯಾವ ಫಿಲ್ಟರೂ ಸಾಲಲ್ಲ).

ತಜ್ಞರು ಬಂದಾಗಲೂ ಹೆಸರೊಂದೇ ಸಾಕಾಗಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನ ಕೂರಿಸಿ ‘ನಿಮ್ಮ ಬಗ್ಗೆ ಹೇಳಿ ಸಾರ್’ ಅಂದರೆ ಅರ್ಧ ಗಂಟೆ ಹಾಳು. ಬಿಳಿ ಕಾಂಡಕೊರಕ (ಕಾಂಡ ಕೊರೆಯೋ ಹುಳು) ಬಿದ್ದ ಅರೇಬಿಕಾ ಕಾಫಿ ಗಿಡವನ್ನ ಯಾಕೆ ಬುಡಸಮೇತ ಕಿತ್ತು ಸುಡಬೇಕು, ನೆರಳು ತೆಗೆದರೆ ಆ ಹುಳುವಿನ ಹಾವಳಿ ಯಾಕೆ ಹೆಚ್ಚುತ್ತೆ ಅಂತ ಕೇಳಿ, ಮಾತು ತಾನಾಗೇ ಬರುತ್ತೆ.