ಮತಗಟ್ಟೆಗೆ ಬಂದ ರ‍್ಯಾಂಪು

ಚುನಾವಣೆ ಹತ್ತಿರ ಬಂತು ಅಂದ್ರೆ ಊರಿನ ಸರ್ಕಾರಿ ಶಾಲೆಗೆ ಒಂದು ವಾರದ ಮಟ್ಟಿಗೆ ಯೋಗ ಕೂಡಿ ಬರುತ್ತೆ. ಬಲ್ಬು ಹಾಕ್ತಾರೆ, ನಲ್ಲಿ ರಿಪೇರಿ ಮಾಡ್ತಾರೆ, ಮೆಟ್ಟಿಲ ಪಕ್ಕ ಸಿಮೆಂಟು ಸುರಿದು ರ‍್ಯಾಂಪು ಮಾಡ್ತಾರೆ. ಮತಗಟ್ಟೆಗೆ ಕನಿಷ್ಠ ಸೌಲಭ್ಯ ಇರಲೇಬೇಕು ಅನ್ನೋದು ಚುನಾವಣಾ ಆಯೋಗದ ನಿಯಮ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಕೇಳೋದೂ ಹೆಚ್ಚುಕಮ್ಮಿ ಇದನ್ನೇ: ಅಡೆತಡೆಯಿಲ್ಲದ ಪ್ರವೇಶ, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಮೈದಾನ, ಕಾಂಪೌಂಡು ಅಥವಾ ಬೇಲಿ. ಎರಡೂ ಕಾನೂನೇ. ಒಂದಕ್ಕೆ ಅಧಿಕಾರಿಗಳೇ ಶಾಲೆಗೆ ಬರ್ತಾರೆ, ಇನ್ನೊಂದಕ್ಕೆ ಹೆಡ್‌ಮಾಸ್ಟರು ಅರ್ಜಿ ಹಿಡ್ಕೊಂಡು ಅವರ ಹತ್ತಿರ ಓಡಾಡ್ತಾರೆ.

ಶಾಲೆ ಉಳಿಸೋದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೆಲಸ ಅಂತ ಊರು ಕೈ ತೊಳೆದುಕೊಂಡಿದೆ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಅಂತ ಕಾಯ್ದೆಯಲ್ಲಿದೆ. ಸರಿ. ಆದರೆ ಪೋಷಕರು ಅಂದ್ರೆ ಈಗ ಯಾರು? ಮುನ್ನೂರು ಮನೆಯ ಊರಲ್ಲಿ ಇಪ್ಪತ್ತೈದು ಮನೆಯ ಮಕ್ಕಳು ಸರ್ಕಾರಿ ಶಾಲೆಗೆ ಹೋಗ್ತಿದ್ದಾರೆ ಅಂತಿಟ್ಟುಕೊಳ್ಳಿ. ಅವರಲ್ಲೂ ಹೆಚ್ಚಿನವರಿಗೆ ಒಂದು ದಿನದ ಕೂಲಿ ಬಿಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗೋದೇ ಕಷ್ಟ. ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಮಕ್ಕಳನ್ನ ಹತ್ತಿಸುವ ಉಳಿದ ಮನೆಗಳನ್ನ ಬೈದು ಪ್ರಯೋಜನವಿಲ್ಲ. ಅವರ ಮಗು ಈ ಶಾಲೆಗೆ ಬರದಿದ್ದರೂ ಅವರ ಓಟು ಇದೇ ಊರಲ್ಲಿದೆ. ನಮಗೆ ಬೇಕಿರೋದು ಅದು.

ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ವಾರ್ಡ್ ಸಭೆ, ಗ್ರಾಮಸಭೆಯ ಸದಸ್ಯರು. ಶಾಲೆಯಲ್ಲಿ ಮಗು ಇರಬೇಕು ಅಂತೇನಿಲ್ಲ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆಯ ಕೋರಂಗೆ (ಸಭೆ ನಡೆಯೋಕೆ ಬೇಕಾದ ಕನಿಷ್ಠ ಹಾಜರಿಗೆ) ಸದಸ್ಯರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಸಾಕು. ಅಂದ್ರೆ ಶಾಲೆಯ ಪರವಾಗಿ ಇಪ್ಪತ್ತೈದು ಜನ ಹೋಗಿ ಕೂತರೆ ಸಭೆ ಬಹುತೇಕ ನಿಮ್ಮದೇ. ಹೆಚ್ಚಿನ ಕಡೆ ವಾರ್ಡ್ ಸಭೆ ನಡೆಯೋದು ಪುಸ್ತಕದಲ್ಲಿ. ಸಹಿ ಮನೆಮನೆಗೆ ಬರುತ್ತೆ. ಖಾಲಿ ಹಾಳೆಗೆ ಸಹಿ ಹಾಕದೇ ಇರೋದೇ ಮೊದಲ ಕೆಲಸ.

ಸಭೆಗೆ ಹೋಗೋ ಮುಂಚೆ ಒಂದೇ ಹಾಳೆಯಲ್ಲಿ ಶಾಲೆಯ ಸ್ಥಿತಿ ಬರ್ಕೊಳ್ಳಿ. ತರಗತಿವಾರು ಮಕ್ಕಳು. ಮಂಜೂರಾದ ಹುದ್ದೆ ಎಷ್ಟು, ಕೆಲಸ ಮಾಡ್ತಿರೋರು ಎಷ್ಟು, ಅದರಲ್ಲಿ ಅತಿಥಿ ಶಿಕ್ಷಕರೆಷ್ಟು. ಎಷ್ಟು ಕೊಠಡಿ ಸೋರುತ್ತೆ. ಶೌಚಾಲಯ ‘ಇದೆ’ ಅಂತ ಬರೆದು ಸುಮ್ಮನಾಗಬೇಡಿ, ಬಾಗಿಲು ತೆಗೆದು ನೋಡಿ. ದಾಖಲೆಯಲ್ಲಿರೋ ಎಷ್ಟೋ ಶೌಚಾಲಯಗಳಿಗೆ ಬೀಗ ಬಿದ್ದಿರೋದಕ್ಕೆ ಕಾರಣ ಕಟ್ಟಡವಲ್ಲ, ನೀರು. ಟ್ಯಾಂಕಿಗೆ ಪೈಪೇ ಬಂದಿರಲ್ಲ.

ಇನ್ನು ಠರಾವು, ಅಂದ್ರೆ ಸಭೆಯ ನಿರ್ಣಯ. ಎಲ್ಲಾ ಹಾಳಾಗೋದು ಇಲ್ಲಿ. “ಶಾಲೆಗೆ ಮೂಲಸೌಕರ್ಯ ಒದಗಿಸಲು ತೀರ್ಮಾನಿಸಲಾಯಿತು” ಅಂತ ನಡವಳಿಯಲ್ಲಿ ಬರೆದರೆ ಅದು ಯಾರನ್ನೂ ಕಟ್ಟಿಹಾಕಲ್ಲ. ಹೀಗೆ ಬರೆಸಿ: “ಕಿರಿಯ ಪ್ರಾಥಮಿಕ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ 1,000 ಲೀಟರಿನ ಟ್ಯಾಂಕ್ ಮತ್ತು ಮುಖ್ಯ ಕೊಳವೆಯಿಂದ 60 ಮೀಟರ್ ಪೈಪ್‌ಲೈನ್ ಕಾಮಗಾರಿಯನ್ನು ಈ ಸಾಲಿನ ಕ್ರಿಯಾಯೋಜನೆಗೆ ಸೇರಿಸುವುದು. ಹೊಣೆ: ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ). ನಂತರ ದಿನವೂ ನೀರು ಬಿಡುವ ಹೊಣೆ: ನೀರುಗಂಟಿ. ಗಡುವು: ಜುಲೈ 31.” ಅಳತೆ, ಹೆಸರು, ದಿನಾಂಕ. ಮೂರರಲ್ಲಿ ಒಂದು ತಪ್ಪಿದರೂ ಮುಂದಿನ ವರ್ಷ ಅದೇ ಠರಾವು ಮತ್ತೆ ಓದ್ತೀರಿ.

ಯಾರ ಹತ್ತಿರ ಏನು ಕೇಳಬೇಕು ಅನ್ನೋದೂ ಗೊತ್ತಿರಲಿ. ನೀರು, ಶೌಚಾಲಯ, ಕಾಂಪೌಂಡು, ಆಟದ ಮೈದಾನ ಪಂಚಾಯ್ತಿಯ ಕೈಯಲ್ಲಾಗುವ ಕೆಲಸ. ನರೇಗಾದಲ್ಲಿ ಎದ್ದ ಶಾಲಾ ಕಾಂಪೌಂಡುಗಳು ರಾಜ್ಯದ ತುಂಬ ಇವೆ. ಹೊಸ ಕೊಠಡಿ ಸಾಮಾನ್ಯವಾಗಿ ಪಂಚಾಯ್ತಿಯಿಂದ ಆಗಲ್ಲ, ಅದಕ್ಕೆ ಇಲಾಖೆಯ ಅನುದಾನವೋ ಶಾಸಕರ ನಿಧಿಯೋ ಬೇಕು. ಶಿಕ್ಷಕರ ಹುದ್ದೆಯಂತೂ ಇಲಾಖೆಯದ್ದೇ. ಪಂಚಾಯ್ತಿ ಸದಸ್ಯನನ್ನ ಹಿಡ್ಕೊಂಡು “ಮೇಷ್ಟ್ರನ್ನ ಕೊಡಿಸು” ಅಂದ್ರೆ ಅವನು ಖುಷಿಯಿಂದ ‘ಆಯ್ತಣ್ಣ’ ಅಂತಾನೆ, ಯಾಕಂದ್ರೆ ಅದು ಅವನ ಕೆಲಸವೇ ಅಲ್ಲ.

ಕೊಠಡಿ ಮಂಜೂರಾಗೋ ಹೊತ್ತಿಗೆ ಎದ್ದು ಬರೋ ಇನ್ನೊಂದು ತಕರಾರು ಜಾಗ. ಐವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಬಾಯಿಮಾತಲ್ಲಿ ದಾನ ಕೊಟ್ಟಿರ್ತಾರೆ, ಪಹಣಿ ಮಾತ್ರ ಇನ್ನೂ ಅವರ ಮೊಮ್ಮಕ್ಕಳ ಹೆಸರಲ್ಲಿ. ಅನುದಾನ ಬಂದಾಗ ದಾಖಲೆ ಹುಡುಕೋಕೆ ಹೊರಟರೆ ಹಣ ಬೇರೆ ಊರಿಗೆ ಹೋಗಿರುತ್ತೆ. ಜಾಗ ಶಾಲೆಯ ಹೆಸರಿಗೆ ಆಗಿದೆಯಾ ಅಂತ ಇವತ್ತೇ ನೋಡಿ. ಆಗಿಲ್ಲದಿದ್ದರೆ ಆ ಮನೆಯವರನ್ನ ಒಪ್ಪಿಸಬಲ್ಲವರು ಊರಿನ ಹಿರಿಯರೇ ಹೊರತು ಹೆಡ್‌ಮಾಸ್ಟರಲ್ಲ.

ಮಕ್ಕಳ ಸಂಖ್ಯೆಯ ಲೆಕ್ಕ ಊರಿಗೆ ಯಾರೂ ಬಿಡಿಸಿ ಹೇಳಲ್ಲ. 1ರಿಂದ 5ನೇ ತರಗತಿವರೆಗೆ 60 ಮಕ್ಕಳಿದ್ದರೆ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಸಮಗ್ರ ಶಿಕ್ಷಾ ಅನ್ನೋ ಕೇಂದ್ರದ ಯೋಜನೆಯ ಶಾಲಾ ಅನುದಾನದ ಮಾನದಂಡದಲ್ಲಿ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 30 ದಾಟಿದರೆ 25,000. ಒಂದೇ ಮಗುವಿನ ವ್ಯತ್ಯಾಸ! ಸಂಖ್ಯೆ ಇಳಿದರೆ ಒಬ್ಬ ಶಿಕ್ಷಕರು ‘ಹೆಚ್ಚುವರಿ’ ಆಗಿ ಬೇರೆ ಕಡೆ ಹೋಗ್ತಾರೆ, ಅದನ್ನ ನೋಡಿ ಇನ್ನೆರಡು ಮನೆಯವರು ಟಿಸಿ ತಗೊಳ್ತಾರೆ, ಆಮೇಲೆ ಬೇರೆ ಶಾಲೆಯ ಜೊತೆ ವಿಲೀನದ ಮಾತು. ಯುಡೈಸ್ (ದೇಶದ ಶಾಲೆಗಳ ಸರ್ಕಾರಿ ಅಂಕಿಅಂಶ) ಲೆಕ್ಕಕ್ಕೆ ಸೆಪ್ಟೆಂಬರ್ 30 ಆಧಾರ ದಿನ. ಹಾಗಾಗಿ ಮನೆಮನೆಗೆ ಹೋಗೋದು ಏಪ್ರಿಲ್-ಮೇನಲ್ಲಿ ಆಗಬೇಕು, ಖಾಸಗಿಯವರ ಕರಪತ್ರ ತಲುಪುವ ಮೊದಲು.

ಈಗ ಓಟಿನ ವಿಷಯ. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. 400 ಜನಸಂಖ್ಯೆಗೆ ಒಬ್ಬ ಸದಸ್ಯ. ಇಷ್ಟು ಸಣ್ಣ ಲೆಕ್ಕದಲ್ಲಿ ಇಪ್ಪತ್ತು ಮನೆ ಒಟ್ಟಾಗಿ ಒಂದೇ ಪ್ರಶ್ನೆ ಕೇಳಿದರೆ ಯಾವ ಅಭ್ಯರ್ಥಿಗೂ ನಿದ್ದೆ ಬರಲ್ಲ. ಪ್ರಶ್ನೆ ಎರಡೇ ಇರಲಿ, ಹತ್ತು ಬೇಡ. ಉತ್ತರ ಬರಹದಲ್ಲಿ ತಗೊಳ್ಳಿ, ಎಲ್ಲಾ ಅಭ್ಯರ್ಥಿಗಳಿಂದಲೂ ತಗೊಳ್ಳಿ. ಒಬ್ಬರಿಂದ ಮಾತ್ರ ಪಡೆದರೆ ಶಾಲೆ ಒಂದು ಗುಂಪಿನದ್ದಾಗುತ್ತೆ, ಇನ್ನೊಂದು ಗುಂಪು ಗೆದ್ದ ದಿನವೇ ಅದರ ಕಥೆ ಮುಗೀತು. ನೀತಿ ಸಂಹಿತೆ ಬಂದಮೇಲೆ ಹೊಸ ಕಾಮಗಾರಿ ಮಂಜೂರಾಗಲ್ಲ, ಠರಾವಿನ ಕೆಲಸ ಅದಕ್ಕೂ ಮುಂಚೆಯೇ ಮುಗಿದಿರಬೇಕು. ಮೇಷ್ಟ್ರನ್ನ, ಮೇಡಂ ಅವರನ್ನ ಇದರಿಂದ ಪೂರ್ತಿ ದೂರ ಇಡಿ. ಸರ್ಕಾರಿ ನೌಕರರು ಪ್ರಚಾರಕ್ಕೆ ಇಳಿದರೆ ಅಮಾನತಿಗೆ ದಾರಿ. ಮಕ್ಕಳ ಕೈಗೆ ಬೋರ್ಡು ಕೊಟ್ಟು ನಿಲ್ಲಿಸೋದೂ ಬೇಡ.

(ಶಿಕ್ಷಕರ ಕ್ಷೇತ್ರದಿಂದ ಗೆದ್ದ ಎಂಎಲ್‌ಸಿಗಳು, ಅಂದ್ರೆ ವಿಧಾನ ಪರಿಷತ್ ಸದಸ್ಯರು, ಇದ್ದಾರಲ್ಲ ಅಂತ ಕೇಳ್ತೀರಾ? ಆ ಕ್ಷೇತ್ರದಲ್ಲಿ ಓಟಿರೋದು ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದ ಶಿಕ್ಷಕರಿಗೆ. ಒಂದನೇ ಕ್ಲಾಸಿಗೆ ಅಕ್ಷರ ಕಲಿಸೋರಿಗೆ ಅಲ್ಲಿ ಓಟೇ ಇಲ್ಲ.)

ಠರಾವು ಆದ ವಾರದಲ್ಲೇ ನಡವಳಿಯ ಪ್ರತಿ ಕೇಳಿ ತಗೊಳ್ಳಿ. ಮುಂದಿನ ಸಭೆಯಲ್ಲಿ ಹಿಂದಿನ ಸಭೆಯ ಅನುಪಾಲನಾ ವರದಿಯನ್ನ (ಯಾವ ಠರಾವು ಜಾರಿಯಾಯ್ತು, ಯಾವುದು ಆಗಲಿಲ್ಲ ಅನ್ನೋ ವರದಿ) ಎಲ್ಲಕ್ಕಿಂತ ಮೊದಲು ಓದಿಸಿ. ಓದುವಾಗ ಶಾಲೆಯ ಸಾಲನ್ನ ಹಾರಿಸಿದರೆ ಎದ್ದು ನಿಲ್ಲೋಕೆ ಇಬ್ಬರನ್ನ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಅವರಲ್ಲಿ ಒಬ್ಬರು ವ್ಯಾನಿಗೆ ಮಗು ಕಳಿಸೋ ಮನೆಯವರೇ ಆಗಿರಲಿ.