ಮುಖ ನೋಡದಿದ್ದರೂ ಗೆಳೆಯರೇ
"ಮುಖ ನೋಡದವರ ಜೊತೆ ಎಂಥ ಗೆಳೆತನ" ಅಂತ ಲೇಖನದಲ್ಲಿ ಕೇಳಿದ್ದೀರಿ, ನಾನಂತೂ ಒಪ್ಪುವುದಿಲ್ಲ ಸರ್. ಶಿರಸಿಯ ಒಬ್ಬರು, ಮಸ್ಕತ್‌ನಲ್ಲಿರುವ ಒಬ್ಬರು ಮತ್ತು ನಾನು ಪರಿಚಯವಾಗಿದ್ದೇ ಸಂಗೀತದ ವಾಟ್ಸಾಪ್ ಗ್ರೂಪಿನಲ್ಲಿ. ಬೆಳಿಗ್ಗೆ ಒಬ್ಬರು ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ಫೋಟೊ ಹಾಕುತ್ತಾರೆ, ಇನ್ನೊಬ್ಬರು ಬಾಲ್ಕನಿಯ ಕುಂಡದಲ್ಲಿ ಬಿಟ್ಟ ಬದನೆಕಾಯಿ ತೋರಿಸುತ್ತಾರೆ. ನಾನು ಹಿಂದೂಸ್ತಾನಿ ಗಾಯನದಲ್ಲಿ ಬರೀ ಭೀಮಸೇನ ಜೋಶಿ ಕೇಳುತ್ತಿದ್ದವಳು. ಗಂಗೂಬಾಯಿ ಹಾನಗಲ್ಲರೂ ಜೋಶಿಯವರ ಗುರು ಸವಾಯಿ ಗಂಧರ್ವರ ಶಿಷ್ಯೆಯೇ, ಇಬ್ಬರು ಹಾಡಿದ ಒಂದೇ ರಾಗವನ್ನು ಒಂದರ ಹಿಂದೆ ಒಂದು ಕೇಳಿ ನೋಡಿ ಅಂತ ಶಿರಸಿಯವರು ಕಳಿಸಿದರು, ಆಮೇಲೆ ಮಲ್ಲಿಕಾರ್ಜುನ ಮನ್ಸೂರರ ಜೋಡು ರಾಗಗಳು, ಅಂದರೆ ಎರಡು ರಾಗ ಬೆರೆಸಿ ಹಾಡುವಂಥವು. ಈ ರಾಗ ಎಲ್ಲಿ ಆ ರಾಗಕ್ಕೆ ಹೊರಳಿತು ಅಂತ ವಾಯ್ಸ್ ನೋಟಲ್ಲಿ ಗುನುಗುತ್ತಾ ರಾತ್ರಿಯೆಲ್ಲ ವಾದ ಮಾಡುತ್ತೇವೆ. ನಮ್ಮ ಓಣಿಯಲ್ಲಿ ಇಂಥ ಮಾತಿಗೆ ಯಾರು ಸಿಗುತ್ತಾರೆ ಹೇಳಿ? ಅಮ್ಮನಿಗೆ ಕಣ್ಣಿನ ಆಪರೇಷನ್ ಆದಾಗ ದಿನಾ ತಪ್ಪದೆ ವಿಚಾರಿಸಿದ್ದೂ ಇವರೇ.