ಅದು ಟೆಕ್ಸಸ್‌ನ ಕತೆ, ಇಡೀ ಅಮೆರಿಕದ್ದಲ್ಲ

ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಅಮೆರಿಕದಲ್ಲಿ ಜೂನ್ 19ರಂದು ಆಚರಿಸುವ ಜೂನ್‌ಟೀನ್ತ್ ಹಬ್ಬದ ಬಗ್ಗೆ ನೀವು ಕನ್ನಡದಲ್ಲಿ ಲೇಖನ ಬರೆದದ್ದು ಖುಷಿ. ಆದರೆ '1865ರ ಜೂನ್ 19ರಂದು ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡಿತು' ಅಂದಿದ್ದೀರಲ್ಲ, ಅದು ಪೂರ್ತಿ ಸರಿಯಲ್ಲ. ಅಂದು ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಉತ್ತರದ ಸೈನ್ಯದ ಜನರಲ್ ಗಾರ್ಡನ್ ಗ್ರೇಂಜರ್ ಹೊರಡಿಸಿದ ಆದೇಶ ಟೆಕ್ಸಸ್‌ನವರಿಗೆ. ಗುಲಾಮರ ಬಿಡುಗಡೆಯ ಬಗ್ಗೆ ಅಧ್ಯಕ್ಷ ಲಿಂಕನ್ ಘೋಷಣೆ 1863ರ ಜನವರಿ 1ರಂದೇ ಆಗಿತ್ತು, ಅದನ್ನು ಅಲ್ಲಿ ಜಾರಿ ಮಾಡಿಸಲು ಸೈನ್ಯ ಬರುವಷ್ಟರಲ್ಲಿ ಎರಡೂವರೆ ವರ್ಷ! ಕೆಂಟಕಿ, ಡೆಲವೇರ್‌ಗಳಿಗಂತೂ ಆ ಘೋಷಣೆ ಅನ್ವಯಿಸಲೇ ಇಲ್ಲ. ಯಾಕೆಂದರೆ ಅದು ಬಂಡೆದ್ದ ದಕ್ಷಿಣದ ರಾಜ್ಯಗಳಿಗೆ ಮಾತ್ರ; ಅಂತರ್ಯುದ್ಧದಲ್ಲಿ ಇವೆರಡು ಉತ್ತರದ ಒಕ್ಕೂಟದ (ಯೂನಿಯನ್) ಕಡೆಗಿದ್ದವು. ಅಲ್ಲಿ ಇನ್ನೂ ಉಳಿದಿದ್ದ ಗುಲಾಮರು 1865ರ ಡಿಸೆಂಬರ್‌ನಲ್ಲಿ ಗುಲಾಮಗಿರಿ ನಿಷೇಧಿಸುವ ಸಂವಿಧಾನದ 13ನೇ ತಿದ್ದುಪಡಿ ಬರೋವರೆಗೆ ಕಾಯಬೇಕಾಯಿತು.

ಗ್ರೇಂಜರ್ ಆದೇಶವನ್ನು ಕೊನೆತನಕ ಓದಿ ನೋಡಿ. ಎಲ್ಲ ಗುಲಾಮರೂ ಸ್ವತಂತ್ರರು ಅಂತ ಶುರುವಾಗಿ, ಈಗಿರುವ ಮನೆಗಳಲ್ಲೇ ಸುಮ್ಮನಿದ್ದು ಕೂಲಿಗೆ ದುಡಿಯಿರಿ, ಸೋಮಾರಿತನಕ್ಕೆ ಆಸರೆ ಸಿಗದು ಅನ್ನುವಲ್ಲಿಗೆ ಮುಗಿಯುತ್ತದೆ. ತಲೆಮಾರುಗಟ್ಟಲೆ ಪುಕ್ಕಟೆ ದುಡಿದವರಿಗೆ ಈ ಬುದ್ಧಿಮಾತು!

ಇನ್ನೊಂದು ಬಿಟ್ಟುಹೋಗಿದೆ. ಹಬ್ಬ ಮಾಡೋಕೆ ಜಾಗ ಬೇಕೆಂದು 1872ರಲ್ಲಿ ಹ್ಯೂಸ್ಟನ್‌ನ ಕಪ್ಪು ಜನ ತಾವೇ ದುಡ್ಡು ಕೂಡಿಸಿ 10 ಎಕರೆ ಕೊಂಡರು. ಇವತ್ತಿನ ಎಮ್ಯಾನ್ಸಿಪೇಶನ್ ಪಾರ್ಕ್ ಅದೇ. ಇಡೀ ದೇಶಕ್ಕೆ ರಜೆ ಸಿಕ್ಕಿದ್ದು ಮಾತ್ರ 2021ರಲ್ಲಿ.